ಚಪ್ಪಲಿ ನೋಡಿ ಕಾಲೇಜು

ಮುಖ ನೋಡಿ ಮೋಸ ಹೋದವರು ಬಂಟ್ವಾಳ ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಚಪ್ಪಲಿ ನೋಡಿ ಮೋಸ ಹೋದವರು ಒಬ್ಬರೂ ಇಲ್ಲ ಎನ್ನುವುದು ಇಬ್ರಾಹಿಂ ಖಲೀಲರ ಸಿದ್ಧಾಂತ. ಪೇಟೆಯ ಮಧ್ಯದಲ್ಲಿ ಅವರದೊಂದು ಚಪ್ಪಲಿ ಅಂಗಡಿ. ಗಿರಾಕಿ ಒಳಗೆ ಬಂದರೆ ಅವರು ತಲೆಯೆತ್ತಿ ನೋಡುವುದಿಲ್ಲ. ಹಿಮ್ಮಡಿ ಒಂದೇ ಬದಿಗೆ ಸವೆದಿದ್ದರೆ ಚೌಕಾಸಿಯ ಮನುಷ್ಯ. ಬಾರಿಗೆ ಹೊಲಿಗೆ ಬಿದ್ದಿದ್ದರೆ ಮಾತಿಗೆ ನಿಲ್ಲುವವನು. ಹೊಸ ಚಪ್ಪಲಿ ಹಾಕಿಕೊಂಡೇ ಹೊಸ ಚಪ್ಪಲಿ ಕೊಳ್ಳಲು ಬಂದರೆ ಗಲ್ಫಿನಿಂದ ರಜೆಗೆ ಬಂದವನು. ಇದೇ ಸಿದ್ಧಾಂತವನ್ನು ನಂಬಿ ಅವರು ಹಿಂದೊಮ್ಮೆ ಮಾಳಿಗೆಯ ಕೋಣೆಗೆ ಒಬ್ಬ ಬಾಡಿಗೆದಾರನನ್ನು ಆರಿಸಿದ್ದರು. ಅವನು ಫ್ಯಾನಿನ ಸಮೇತ ಪರಾರಿಯಾದ. "ಓಡುವ ದಿನ ಅವನು ಬೇರೆ ಚಪ್ಪಲಿ ಹಾಕಿದ್ದ" ಎಂದು ಹೇಳಿ ಖಲೀಲರು ಫ್ಯಾನನ್ನು ಕಳೆದುಕೊಂಡರೂ ಸಿದ್ಧಾಂತವನ್ನು ಉಳಿಸಿಕೊಂಡರು.

ಇಂಥ ಮನುಷ್ಯನ ತಲೆಯ ಮೇಲೆ ಈ ವರ್ಷ ಒಂದು ಕಾಲೇಜು ಆರಿಸುವ ಭಾರ ಬಿತ್ತು. ಮಗಳು ಮುರ್ಶಿದಾ ಡಿಗ್ರಿ ಮುಗಿಸಿ ಎಂ.ಎಸ್.ಡಬ್ಲ್ಯೂ. ಮಾಡುತ್ತೇನೆಂದಳು. ಸಮಾಜ ಕಾರ್ಯ, ಎರಡು ವರ್ಷ. ಎರಡು ಕಡೆ ಸೀಟು ಸಿಕ್ಕಿತು. ಒಂದು ಮೂಡುಬಿದಿರೆಯ ಆಚೆ ಗುಡ್ಡದ ಮೇಲಿನ ಕಾಲೇಜು. ಹೆಸರು ಹೇಳಿದರೆ ಕೇಳಿದವರು ಕೂತಲ್ಲಿಂದ ಸ್ವಲ್ಪ ನೆಟ್ಟಗಾಗುತ್ತಾರೆ. ಫೀಸು ಮಾತ್ರ ಖಲೀಲರ ಅಂಗಡಿಯನ್ನು ತಲೆಕೆಳಗೆ ಹಿಡಿದು ಅಲ್ಲಾಡಿಸಿದರೂ ಉದುರದಷ್ಟು. ಇನ್ನೊಂದು ಬೆಳ್ತಂಗಡಿಯ ಕಡೆಯ ಸಣ್ಣ ಕಾಲೇಜು. ಹೆಸರು ಹೇಳಿದರೆ ಕೇಳಿದವರು "ಅದೆಲ್ಲಿ ಬರ್ತದೆ?" ಎನ್ನುತ್ತಾರೆ. ಅದರ ಫೀಸನ್ನು ಖಲೀಲರೇ ಕಟ್ಟಬಹುದಿತ್ತು. ಆದ್ದರಿಂದಲೇ ಅವರಿಗೆ ಅದರ ಮೇಲೆ ಅನುಮಾನ.

"ಇಷ್ಟು ಕಡಿಮೆಗೆ ಕೊಡ್ತಾರೆ ಅಂದ್ರೆ ಮಾಲಿನಲ್ಲಿ ಎಂತದೋ ಡಿಫೆಕ್ಟ್ ಉಂಟು" ಎಂದು ಅವರು ಹೆಂಡತಿ ಸಾಲಿಹಾಗೆ ಹೇಳಿದರು.

ಸಾಲಿಹಾರ ಅಣ್ಣ ಫಯಾಝ್ ಗಲ್ಫಿನ ದಮ್ಮಾಮ್‌ನಲ್ಲಿದ್ದರು. ಅವರು ಫೋನಿನಲ್ಲಿ ಮಾತನಾಡುವುದಕ್ಕಿಂತ ಧ್ವನಿ ಸಂದೇಶ ಕಳಿಸುವುದು ಹೆಚ್ಚು, ಏಕೆಂದರೆ ಅದರಲ್ಲಿ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. "ಮೂಡುಬಿದಿರೆ ಆದ್ರೆ ಪೂರಾ ಫೀಸು ನಂದು. ಬೆಳ್ತಂಗಡಿ ಆದ್ರೆ ನನ್ನನ್ನು ಕೇಳ್ಬೇಡಿ. ನಾನು ಇಲ್ಲಿ ರೂಮಿನವರಿಗೆಲ್ಲ ಮೂಡುಬಿದಿರೆ ಅಂತ ಹೇಳಿ ಆಗಿದೆ."

ಮುರ್ಶಿದಾ ಆ ಸಂದೇಶ ಕೇಳಿ ಫೋನನ್ನು ಮೆಲ್ಲನೆ ಮೇಜಿನ ಮೇಲಿಟ್ಟು ತಂದೆಯ ಕಡೆ ತಿರುಗಿದಳು.

"ಉಪ್ಪ, ಮಾಮ ಫೀಸು ಕೊಟ್ಟರೆ ಎರಡು ವರ್ಷಕ್ಕೆ ಮುಗಿಯುವುದಿಲ್ಲ. ಮತ್ತೆ ನಾನು ಎಲ್ಲಿ ಕೆಲಸಕ್ಕೆ ಹೋಗ್ಬೇಕು, ಹೋಗ್ಬೇಕಾ ಬೇಡ್ವಾ, ಯಾರನ್ನು ಮದುವೆ ಆಗ್ಬೇಕು, ಎಲ್ಲ ದಮ್ಮಾಮ್‌ನಿಂದ ಬರ್ತದೆ. ನನಗೆ ಬೆಳ್ತಂಗಡಿ ಸಾಕು. ಅಲ್ಲಿ ಕ್ಲಾಸಿಗಿಂತ ಹೊರಗೆ ಕಲಿಸುವುದೇ ಹೆಚ್ಚಂತೆ."

"ಒಳಗೆ ಕಲಿಸ್ಲಿಕ್ಕೆ ಎಂತದೂ ಇಲ್ಲದವರು ಹೊರಗೆ ಕಲಿಸುವುದು" ಎಂದರು ಖಲೀಲರು.

ಆದರೂ ಅವರು ಯಾವ ಕಡೆಗೂ ವಾಲದೆ ಇರುತ್ತಿದ್ದರೋ ಏನೋ, ಮೆಲ್ಕಾರ್‌ನ ಸಭಾಂಗಣದಲ್ಲಿ ನಡೆದ ಒಂದು ಮದುವೆ ಕೆಲಸ ಕೆಡಿಸಿತು. ಬಿರಿಯಾನಿಯ ಪಂಕ್ತಿಯಲ್ಲಿ ಎದುರು ಕೂತ ಪಕ್ಕದಂಗಡಿಯವರು ಮೂಳೆ ಚೀಪುತ್ತ ಕೇಳಿದರು: "ಸಮಾಜ ಸೇವೆ ಮಾಡ್ಲಿಕ್ಕೆ ಫೀಸು ಎಂತಕ್ಕೆ ಖಲೀಲಾಕ? ನಮ್ಮ ಹಾಜಿಯವರು ಜೀವಮಾನ ಪೂರ್ತಿ ಪುಕ್ಕಟೆ ಮಾಡಿದ್ದಾರೆ." ಪಂಕ್ತಿ ನಕ್ಕಿತು. ಖಲೀಲರ ಬಾಯಿಂದ ಮಾತು ಜಾರಿತು: "ಮೂಡುಬಿದಿರೆಯಲ್ಲಿ ಕಲಿತರೆ ಅದು ಬೇರೆಯೇ." ಪಂಕ್ತಿ ಕೂತಲ್ಲಿಂದ ಸ್ವಲ್ಪ ನೆಟ್ಟಗಾಯಿತು. ಸುಲೈಮಾನಿ ಚಹಾ ಬರುವ ಹೊತ್ತಿಗೆ ಮೂರು ಮೇಜುಗಳಾಚೆಯವರು ಎದ್ದು ಬಂದು ಖಲೀಲರ ಕೈ ಕುಲುಕಿದರು.

ಗುರುವಾರ ಸಂಜೆ ನಾಲ್ಕಕ್ಕೆ ಎರಡೂ ಕಾಲೇಜಿನ ಗಡುವು. ಅಷ್ಟರೊಳಗೆ ಎಲ್ಲಿಗೆ ಫೀಸು ಕಟ್ಟುತ್ತಾರೋ ಅಲ್ಲಿ ಸೀಟು, ಉಳಿದದ್ದು ಬೇರೆಯವರಿಗೆ. ಬುಧವಾರ ಫಯಾಝರ ದುಡ್ಡು ಖಲೀಲರ ಖಾತೆಗೆ ಬಂತು. ಗುರುವಾರ ಬೆಳಗ್ಗೆ ಸಾಲಿಹಾ, "ಇನ್ನು ಕಟ್ಟಿಬಿಡಿ, ಅಣ್ಣ ಕೇಳ್ತಾ ಇದ್ದಾನೆ" ಎಂದಾಗ ಖಲೀಲರು ಅಂಗಿಯ ಗುಂಡಿ ಹಾಕಿಕೊಂಡು ಘೋಷಿಸಿದರು:

"ಮಾಲು ನೋಡದೆ ನಾನು ದುಡ್ಡು ಕೊಟ್ಟವನಲ್ಲ. ಬೆಳ್ತಂಗಡಿ ಮಕ್ಕಳ ಚಪ್ಪಲಿ ಒಮ್ಮೆ ನೋಡಿ ಬರ್ತೇನೆ."

ಮೂಡುಬಿದಿರೆಯದನ್ನು ಅವರು ಹಿಂದಿನ ದಿನವೇ ನೋಡಿಬಂದಿದ್ದರು. ಗೇಟಿನ ಹೊರಗೆ ಬಹಳ ಹೊತ್ತು ನಿಂತರೂ ಫಲ ಸಿಗಲಿಲ್ಲ. ಎಲ್ಲರ ಕಾಲಿನಲ್ಲೂ ಒಂದೇ ಬಗೆಯ ಕಪ್ಪು ಶೂ. "ಯೂನಿಫಾರಂ ಹಾಕಿದ ಕಾಲು ಬಾಯಿ ಬಿಡುವುದಿಲ್ಲ" ಎಂದು ಬೇಸರದಿಂದ ಹಿಂದಿರುಗಿದ್ದರು.

ಬೆಳ್ತಂಗಡಿಯ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಒಬ್ಬ ವಾಚ್‌ಮನ್ ಮಾತ್ರ. "ಸೋಶಿಯಲ್ ವರ್ಕಿನವರಾ? ಅವರು ಇಲ್ಲಿ ಇರುವುದೇ ಕಡಿಮೆ ಮಾರಾಯ್ರೆ. ಇವತ್ತು ನೆರಿಯದಲ್ಲಿ ಕ್ಯಾಂಪ್ ಉಂಟು" ಎಂದ ಆತ. ಸಿದ್ಧಾಂತಿಗಳು ಅರ್ಧ ದಾರಿಯಲ್ಲಿ ಹಿಂದಿರುಗುವುದಿಲ್ಲ. ಖಲೀಲರು ನೆರಿಯದ ಬಸ್ಸು ಹತ್ತಿದರು.

ಕ್ಯಾಂಪ್ ನಡೆಯುತ್ತಿದ್ದುದು ಮದ್ರಸದ ಹಾಲಿನಲ್ಲಿ. ಒಳಗೆ ಊರಿನ ಹೆಂಗಸರಿಗೆ ಆರೋಗ್ಯದ ಮಾಹಿತಿ. ಬಾಗಿಲು ಮುಚ್ಚಿತ್ತು. ಹೊರಗೆ ಮೆಟ್ಟಿಲ ಕೆಳಗೆ, ಯಾರ ಕಾವಲೂ ಇಲ್ಲದೆ, ರಾಶಿ ರಾಶಿ ಚಪ್ಪಲಿ. ಖಲೀಲರಿಗೆ ಗ್ರಂಥಾಲಯದ ಬಾಗಿಲು ತೆರೆದಂತಾಯಿತು. ಅವರು ಕುಕ್ಕರುಗಾಲಿನಲ್ಲಿ ಕೂತು ಓದತೊಡಗಿದರು.

ಯಾವುದು ಊರಿನವರದು, ಯಾವುದು ವಿದ್ಯಾರ್ಥಿನಿಯರದು ಎಂದು ಬೇರ್ಪಡಿಸುವುದು ಅವರಿಗೆ ಕಷ್ಟವಾಗಲಿಲ್ಲ. ಆದರೆ ಜೀವಮಾನವಿಡೀ ಚಪ್ಪಲಿಯ ನಡುವೆ ಬದುಕಿದ ಕೈ ಸುಮ್ಮನಿರಬೇಕಲ್ಲ. ಅದು ತನ್ನಷ್ಟಕ್ಕೆ ಎಡದ್ದಕ್ಕೆ ಬಲದ್ದನ್ನು ಹುಡುಕಿತು, ಜೋಡಿ ಮಾಡಿತು, ಸಣ್ಣ ಅಳತೆಯಿಂದ ದೊಡ್ಡ ಅಳತೆಯವರೆಗೆ ಗೋಡೆಯುದ್ದಕ್ಕೂ ಸಾಲು ಹಿಡಿಸಿತು. ಕೊನೆಗೆ ಒಂದು ಚಪ್ಪಲಿಯ ಅಟ್ಟೆ ಎಷ್ಟು ಗಟ್ಟಿ ಎಂದು ನೋಡಲು ಖಲೀಲರು ಅದನ್ನು ಎತ್ತಿ ಬಗ್ಗಿಸಿ ಕಣ್ಣಿನ ಹತ್ತಿರ ಹಿಡಿದಾಗ, ಹೆಗಲ ಮೇಲೆ ಒಂದು ಕೈ ಬಿತ್ತು.

ಅದು ಮದ್ರಸ ಕಮಿಟಿಯ ಉಮ್ಮರ್‌ರ ಕೈ.

"ಎಂತ ಮಾಡ್ತಾ ಇದ್ದೀರಿ?"

"ನೋಡ್ತಾ ಇದ್ದೇನೆ."

"ಅದು ಹೆಂಗಸರ ಚಪ್ಪಲಿ."

"ಗೊತ್ತುಂಟು. ಹೆಂಗಸರದ್ದರಲ್ಲೇ ಸರಿಯಾಗಿ ಗೊತ್ತಾಗುವುದು."

ಇದಕ್ಕಿಂತ ಕೆಟ್ಟ ಉತ್ತರವನ್ನು ಆ ಸ್ಥಳದಲ್ಲಿ ಬೇರೆ ಯಾರೂ ಕೊಡಲಾರರು. ಉಮ್ಮರ್ ಕೂಗಿದರು. ಪಕ್ಕದ ಅಂಗಡಿಯಿಂದ, ರಸ್ತೆಯಿಂದ, ಹಳ್ಳದ ಆಚೆಯಿಂದ ಜನ ಬಂದರು. ಹಾಲಿನ ಬಾಗಿಲು ತುಸು ತೆರೆದು ನಫೀಸಮ್ಮ ಎಂಬ ಮುದುಕಿಯ ತಲೆ ಹೊರಬಂತು.

"ಸಿಕ್ಕಿದನಾ? ಹೋದ ಕ್ಯಾಂಪಿನಲ್ಲಿ ನನ್ನ ಬಲಗಾಲಿನದ್ದು ಹೋದದ್ದು. ಅದರ ಹಿಂದಿನ ಸಲ ಮಗಳ ಎಡಗಾಲಿನದ್ದು. ಜೋಡಿ ಬಿಟ್ಟು ಒಂದೊಂದೇ ತೆಗೆದುಕೊಂಡು ಹೋಗುವ ಕಳ್ಳ ಎಂಥ ಕಳ್ಳ, ನಾನು ಒಮ್ಮೆ ನೋಡ್ಬೇಕು."

ಎಲ್ಲರೂ ನೋಡಿದರು, ಖಲೀಲರ ಕಾಲನ್ನು.

ಚಪ್ಪಲಿ ಅಂಗಡಿಯವರು ಒಳ್ಳೆಯ ಚಪ್ಪಲಿ ಹಾಕುತ್ತಾರೆಂದು ತಿಳಿದವರು ಆ ವ್ಯಾಪಾರ ಮಾಡಿದವರಲ್ಲ. ಗಾಜಿನ ಕಪಾಟಿನಲ್ಲಿ ನೇತುಹಾಕಿದ ಒಂಟಿ ಚಪ್ಪಲಿ ಬಿಸಿಲಿಗೆ ಬಣ್ಣ ಬಿಡುತ್ತದೆ, ಅದರ ಜೊತೆಯದು ಡಬ್ಬಿಯಲ್ಲಿ ಹೊಸತಾಗಿಯೇ ಇರುತ್ತದೆ. ಮಾರಲಾಗದ ಇಂಥ ಒಂಟಿಗಳೆಲ್ಲ ಮಾಲಿಕನ ಕಾಲಿಗೇ ಬರುವುದು. ಅಂದು ಖಲೀಲರ ಎಡಗಾಲಿನಲ್ಲಿ ಕಂದು ಬಣ್ಣದ ಬಕಲ್ಲಿನದು, ಬಲಗಾಲಿನಲ್ಲಿ ನೀಲಿ ಬಾರಿನದು ಇತ್ತು.

ಖಲೀಲರು ಬೆರಳುಗಳನ್ನು ಒಳಗೆ ಮಡಚಿಕೊಳ್ಳಲು ನೋಡಿದರು.

"ಹೆಸರು?" ಎಂದರು ಉಮ್ಮರ್.

ಒಳಗಿರುವವರು ಮಗಳ ಸಹಪಾಠಿಗಳಾಗಬಹುದು, ಮೇಷ್ಟರಾಗಬಹುದು. ಇಬ್ರಾಹಿಂ ಖಲೀಲ್ ಎಂದರೆ ನಾಳೆ ಮುರ್ಶಿದಾ ಇಲ್ಲಿಗೆ ಬಂದಾಗ ಚಪ್ಪಲಿ ಕಳ್ಳನ ಮಗಳು. ಖಲೀಲರ ನಾಲಿಗೆಗೆ ಆ ಕ್ಷಣ ಹೊಳೆದದ್ದು, ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುತ್ತಿದ್ದ ಹೆಸರು.

"ಫಯಾಝ್."

"ಊರು?"

"ಬಂಟ್ವಾಳ."

"ಕೆಲಸ?"

"ದಮ್ಮಾಮ್‌ನಲ್ಲಿ."

"ದಮ್ಮಾಮ್‌ನಲ್ಲಿ ಕೆಲಸ ಇರುವವರು ನೆರಿಯಕ್ಕೆ ಚಪ್ಪಲಿಗೆ ಬಂದದ್ದಾ?"

ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಯಾರೋ ವಿಡಿಯೋ ತೆಗೆಯಲು ಫೋನ್ ಎತ್ತಿದರು. ಆಗ ಹಾಲಿನಿಂದ ಉಪನ್ಯಾಸಕ ಶೋಧನ್ ಹೊರಬಂದರು. "ವಿಡಿಯೋ ಬೇಡ. ಯಾರೂ ಕೈ ಮಾಡುವುದು ಬೇಡ. ಪೊಲೀಸ್ ಬರುವವರೆಗೆ ನಮ್ಮ ವಿದ್ಯಾರ್ಥಿನಿ ಒಬ್ಬರು ಇವರ ಹತ್ತಿರ ಮಾತಾಡ್ತಾರೆ" ಎಂದರು. ಎರಡನೇ ವರ್ಷದ ಜ್ಯೋತ್ಸ್ನಾ ಮುಂದೆ ಬಂದಳು. ತೆಳ್ಳಗಿನ ಹುಡುಗಿ, ಕುತ್ತಿಗೆಗೆ ಕಾಲೇಜಿನ ಗುರುತಿನ ಚೀಟಿ. ಖಲೀಲರನ್ನು ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಹೋದರು. ಮದ್ರಸದ ಶಿಸ್ತು ಕಳ್ಳನಿಗೂ ಒಂದೇ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡಬೇಕಾಯಿತು.

ಜ್ಯೋತ್ಸ್ನಾ ಒಂದು ಲೋಟ ನೀರು ಕೊಟ್ಟಳು. ಅವರು ಕುಡಿದು ಮುಗಿಸುವವರೆಗೆ ಏನೂ ಕೇಳಲಿಲ್ಲ.

"ಅಂಕಲ್, ನೀವು ಇಲ್ಲಿ ಹೇಳಿದ್ದು ನನ್ನ ಹತ್ತಿರವೇ ಇರ್ತದೆ. ಯಾರದ್ದಾದರೂ ಜೀವಕ್ಕೆ ಅಪಾಯ ಇದ್ದರೆ ಮಾತ್ರ ಸರ್‌ಗೆ ಹೇಳ್ಬೇಕಾಗ್ತದೆ. ಅದು ಬಿಟ್ಟು ನಿಮ್ಮನ್ನು ಕೇಳದೆ ಯಾರಿಗೂ ಹೇಳುವುದಿಲ್ಲ."

ಬಂಟ್ವಾಳದಲ್ಲಿ 'ಯಾರಿಗೂ ಹೇಳುವುದಿಲ್ಲ' ಎಂದರೆ ಪಕ್ಕದ ಬಿ.ಸಿ. ರೋಡಿನ ಆಚೆಗೆ ಹೇಳುವುದಿಲ್ಲ ಎಂದು ಅರ್ಥ. ಆದರೂ ಮುಳುಗುವವನು ನೀರಿನ ಆಳ ಕೇಳುವುದಿಲ್ಲ. ಖಲೀಲರು ಎಲ್ಲವನ್ನೂ ಹೇಳಿದರು. ಅಂಗಡಿ, ಸಿದ್ಧಾಂತ, ಮೂಡುಬಿದಿರೆಯ ಶೂ, ಬಿರಿಯಾನಿ ಪಂಕ್ತಿ, ಭಾವನ ದುಡ್ಡು, ನಾಲ್ಕು ಗಂಟೆಯ ಗಡುವು. ಹುಡುಗಿಯ ತುಟಿ ಎರಡು ಸಲ ಅಲುಗಿತು, ಆದರೆ ನಗಲಿಲ್ಲ. ಅದೊಂದು ವಿದ್ಯೆಯೇ ಇರಬೇಕೆಂದು ಖಲೀಲರಿಗೆ ತೋರಿತು.

"ಮಗಳು ಎಂತ ಹೇಳ್ತಾಳೆ?" ಎಂದಳು ಜ್ಯೋತ್ಸ್ನಾ.

"ಅವಳಾ? ಅವಳಿಗೆ ಇದೇ ಬೇಕಂತೆ."

"ಮತ್ತೆ?"

ಖಲೀಲರು ಖಾಲಿ ಲೋಟದಿಂದ ಇನ್ನೊಮ್ಮೆ ನೀರು ಕುಡಿದರು.

"ನಾನು ಹೊರಗೆ ಹೋಗಿ ನೀವು ಕಳ್ಳ ಅಲ್ಲ ಅಂತ ಹೇಳ್ಲಾ?"

"ಬೇಡ ಬೇಡ. ಯಾಕೆ ಬಂದದ್ದು ಅಂತ ಕೇಳ್ತಾರೆ. ಮಗಳ ಹೆಸರು ಬರ್ತದೆ. ಎಂತದೂ ಹೇಳ್ಬೇಡ ಮಗಳೇ."

"ಆಯ್ತು. ಹೇಳುವುದಿಲ್ಲ."

ಅವಳು ಹೊರಗೆ ಬಂದಳು. ಜನ ಮುತ್ತಿದರು. ಅಷ್ಟರಲ್ಲಿ ಕಾನ್‌ಸ್ಟೇಬಲ್ ಬೈಕಿನಿಂದ ಇಳಿದಿದ್ದ.

"ಎಂತ ಹೇಳಿದ?"

"ಹೇಳ್ಲಿಕ್ಕೆ ಆಗುವುದಿಲ್ಲ" ಎಂದಳು ಜ್ಯೋತ್ಸ್ನಾ.

ಮನುಷ್ಯಜಾತಿಯ ಇತಿಹಾಸದಲ್ಲಿ ಈ ವಾಕ್ಯ ಯಾವ ಗುಂಪನ್ನೂ ಸಮಾಧಾನ ಮಾಡಿದ್ದಿಲ್ಲ. ಚಪ್ಪಲಿ ಕದ್ದವನು ಹೇಳಲಾಗದ್ದನ್ನು ಹೇಳುತ್ತಾನೆಂದರೆ ಅವನು ಕದ್ದದ್ದು ಚಪ್ಪಲಿಯಲ್ಲ ಎಂದು ಗುಂಪು ತರ್ಕಿಸಿತು.

"ದಮ್ಮಾಮ್ ಅಂದ" ಎಂದರು ಉಮ್ಮರ್, ಸ್ವರ ತಗ್ಗಿಸಿ. "ಅಟ್ಟೆಯನ್ನು ಹೀಗೆ ಬಗ್ಗಿಸಿ ನೋಡ್ತಾ ಇದ್ದ."

"ಅಟ್ಟೆಯ ಒಳಗೆ ಎಂತ ಇರ್ತದೆ?" ಎಂದಳು ನಫೀಸಮ್ಮ.

ಎಂತ ಇರುತ್ತದೆಂದು ವಿಮಾನ ನಿಲ್ದಾಣದ ಸುದ್ದಿ ಓದುವ ಎಲ್ಲರಿಗೂ ಗೊತ್ತಿತ್ತು. ಚಿನ್ನ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಕಾನ್‌ಸ್ಟೇಬಲ್ ಟೊಪ್ಪಿಯನ್ನು ಸರಿಯಾಗಿ ಹಾಕಿಕೊಂಡ. ಅವನು ಕೋಣೆಯ ಒಳಗೆ ಹೋಗಿ ಖಲೀಲರ ಫೋನನ್ನು ತೆಗೆದುಕೊಂಡು ಹೊರಬರುವುದಕ್ಕೂ ಅದು ರಿಂಗಾಗುವುದಕ್ಕೂ ಸರಿಹೋಯಿತು. ಪರದೆಯಲ್ಲಿ 'ಫಯಾಝ್ ಭಾವ ದಮ್ಮಾಮ್' ಎಂದಿತ್ತು. ಕಾನ್‌ಸ್ಟೇಬಲ್ ಸ್ಪೀಕರ್ ಹಾಕಿದ.

ಮೊದಲ ಬಾರಿಗೆ ಫಯಾಝ್ ಸಂದೇಶ ಕಳಿಸದೆ ನೇರವಾಗಿ ಮಾತನಾಡಿದರು. ಆದರೂ ನಡುವೆ ಯಾರಿಗೂ ಬಾಯಿ ಹಾಕಲು ಬಿಡಲಿಲ್ಲ. "ದುಡ್ಡು ಸಿಕ್ಕಿತಲ್ಲ? ಮತ್ತೆ ಎಂತ ತಡ ಮಾಡುವುದು? ನಾಲ್ಕು ಗಂಟೆ ಒಳಗೆ ಮೂಡುಬಿದಿರೆಗೆ ಮುಟ್ಟಬೇಕು. ಬೆಳ್ತಂಗಡಿಯವರಿಗೆ ಒಂದು ಪೈಸೆ ಕೊಡ್ಬೇಡ. ಇಲ್ಲಿ ನನ್ನ ಮರ್ಯಾದೆಯ ಪ್ರಶ್ನೆ."

ಗುಂಪು ಫೋನಿಗೆ ಇನ್ನಷ್ಟು ಹತ್ತಿರ ಸರಿಯಿತು.

"ಮಾತಾಡುವುದು ಯಾರು?" ಎಂದ ಕಾನ್‌ಸ್ಟೇಬಲ್.

"ನಾನು ಫಯಾಝ್. ನೀನು ಯಾರು?"

"ಪೊಲೀಸ್. ಫಯಾಝ್ ಇಲ್ಲಿ ಒಳಗೆ ಕೂತಿದ್ದಾನೆ."

"ಯಾವ ಫಯಾಝ್?"

"ಬಂಟ್ವಾಳದ ಫಯಾಝ್. ಚಪ್ಪಲಿ ಕದಿಯುವಾಗ ನೆರಿಯದಲ್ಲಿ ಸಿಕ್ಕಿದ್ದು."

ಫೋನು ಕಡಿದುಹೋಯಿತು.

ಕಾನ್‌ಸ್ಟೇಬಲ್ ಜ್ಯೋತ್ಸ್ನಾಳ ಕಡೆ ತಿರುಗಿದ. ಅವನ ಸ್ವರದಲ್ಲಿ ಈಗ ಮೇಲಧಿಕಾರಿಗಳೆಲ್ಲ ಸೇರಿಕೊಂಡಿದ್ದರು. "ನೋಡಮ್ಮ, ಇದು ದೊಡ್ಡ ಕೇಸು. ಅವನು ಎಂತ ಹೇಳಿದ ಅಂತ ನಿನಗೆ ಗೊತ್ತುಂಟು. ಹೇಳದಿದ್ದರೆ ನೀನೂ ಸ್ಟೇಷನ್ನಿಗೆ ಬರ್ಬೇಕಾಗ್ತದೆ. ಮನೆಯವರಿಗೆ ಫೋನ್ ಹೋಗ್ತದೆ."

ಅವಳು ಶೋಧನ್ ಸರ್ ಕಡೆ ನೋಡಿದಳು. ಅವರು ತೀರ್ಮಾನವನ್ನು ಅವಳಿಗೇ ಬಿಟ್ಟು ನಿಂತಿದ್ದರು. ಹುಡುಗಿಯ ಕೈ ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇತ್ತು.

"ಬರ್ತೇನೆ ಸರ್" ಎಂದಳು.

"ಎಲ್ಲಿಗೆ?"

"ಸ್ಟೇಷನ್ನಿಗೆ. ಅಪಾಯದ ವಿಷಯ ಎಂತದೂ ಇಲ್ಲ. ಅಷ್ಟು ಮಾತ್ರ ಹೇಳ್ತೇನೆ. ಉಳಿದದ್ದು ಅವರು ಹೇಳ್ಬೇಕು, ನಾನಲ್ಲ."

"ಕಳ್ಳನಿಗಾಗಿ ನೀನು ಸ್ಟೇಷನ್ನಿಗೆ ಬರ್ತೀಯಾ? ನಿನ್ನ ತಲೆ ಸರಿ ಉಂಟಾ?" ಎಂದಳು ನಫೀಸಮ್ಮ.

"ಉಂಟು ಅಜ್ಜಿ."

ಬೈಕಿನ ಕೀಲಿ ತಿರುಗಿತು. ಆಗ ಕೋಣೆಯ ಬಾಗಿಲಲ್ಲಿ ಬರಿಗಾಲಿನ ಖಲೀಲರು ಕಾಣಿಸಿಕೊಂಡರು.

"ಅವಳನ್ನು ಬಿಡಿ. ನಾನೇ ಹೇಳ್ತೇನೆ."

ಅವರು ಹೇಳಿದರು. ಮಗಳಿಗೆ ಕಾಲೇಜು ಹುಡುಕಲು ಬಂದದ್ದು, ಮಕ್ಕಳ ಚಪ್ಪಲಿ ನೋಡಿದರೆ ಕಾಲೇಜಿನ ಯೋಗ್ಯತೆ ಗೊತ್ತಾಗುತ್ತದೆ ಎಂಬ ನಂಬಿಕೆ, ಮೂಡುಬಿದಿರೆಗೆ ಹೋಗಬೇಕಾದದ್ದು ಚಿನ್ನವಲ್ಲ ಫೀಸು, ದಮ್ಮಾಮ್‌ನವರು ಭಾವ. ತನ್ನ ನಿಜ ಹೆಸರೊಂದನ್ನು ಮಾತ್ರ ಹೇಳಲಿಲ್ಲ. ನಿಜ ಎಷ್ಟು ಪೆದ್ದಾಗಿತ್ತೆಂದರೆ ಒಬ್ಬನೂ ನಂಬಲಿಲ್ಲ.

"ಚಪ್ಪಲಿ ನೋಡಿ ಕಾಲೇಜು?" ಎಂದ ಕಾನ್‌ಸ್ಟೇಬಲ್. "ಸುಳ್ಳು ಹೇಳುವುದಾದ್ರೆ ಸ್ವಲ್ಪ ನಂಬುವ ಹಾಗೆ ಹೇಳ್ಬೇಕು ಮಾರಾಯ."

ಜ್ಯೋತ್ಸ್ನಾ ಖಲೀಲರನ್ನು ಕೇಳಿದಳು: "ಅಂಕಲ್, ಈಗ ನಾನು ಹೇಳಬಹುದಾ?"

"ಹೇಳು."

"ಹೌದು ಸರ್. ಇದನ್ನೇ ನನಗೂ ಹೇಳಿದ್ದು."

"ಮಗಳ ಹೆಸರು ಎಂತ?" ಎಂದರು ಉಮ್ಮರ್.

"ಅದು ಬೇಡ" ಎಂದಳು ಅವಳು. ಉಮ್ಮರ್ ಬಾಯಿ ಮುಚ್ಚಿದರು. ಯಾಕೆ ಮುಚ್ಚಿದೆನೆಂದು ಅವರಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಕ್ಯಾಂಪ್ ಮುಗಿದು ಹಾಲಿನ ಬಾಗಿಲು ಪೂರ್ತಿ ತೆರೆಯಿತು. ಹೆಂಗಸರು ಮೆಟ್ಟಿಲಿಳಿದರು. ತಮ್ಮ ಚಪ್ಪಲಿ ಬಿಟ್ಟ ಜಾಗ ಖಾಲಿ ಕಂಡು ಮೊದಲು ಬೊಬ್ಬೆ ಎದ್ದಿತು. ಆಮೇಲೆ ಗೋಡೆಯುದ್ದದ ಸಾಲು ಕಂಡಿತು. ಜೋಡಿ ಜೋಡಿಯಾಗಿ, ಮೂತಿ ಹೊರಗೆ ಮಾಡಿ, ಅಳತೆಯ ಪ್ರಕಾರ. ನಫೀಸಮ್ಮ ತನ್ನದನ್ನು ಮೆಟ್ಟಿಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಳು.

"ಇದಕ್ಕೆ ಇಷ್ಟು ಮರ್ಯಾದೆ ಯಾರೂ ಕೊಟ್ಟದ್ದಿಲ್ಲ" ಎಂದಳು.

ಒಂದೂ ಹೋಗಿರಲಿಲ್ಲ. ಕಾನ್‌ಸ್ಟೇಬಲ್ ಎರಡೆರಡು ಸಲ ವಿಚಾರಿಸಿದ. ಕಳ್ಳತನವಿಲ್ಲದೆ ಕಳ್ಳನನ್ನು ಕರೆದೊಯ್ಯುವುದು ಹೇಗೆಂದು ಅವನು ಯೋಚಿಸುತ್ತಿರುವಾಗ ಖಲೀಲರು ಹೊರಡಲು ಕೋಣೆಯ ಬಾಗಿಲಿಗೆ ಬಂದರು. ಅಲ್ಲಿ ನೀಲಿ ಬಾರಿನದೊಂದು ಮಾತ್ರ ಬಿದ್ದಿತ್ತು. ಕಂದು ಬಕಲ್ಲಿನದು ಇರಲಿಲ್ಲ.

ಎಲ್ಲರೂ ಸೇರಿ ಹುಡುಕಿದರು. ಮದ್ರಸದ ಹಿಂದೆ, ಚರಂಡಿಯಲ್ಲಿ, ಸೌದೆ ರಾಶಿಯಲ್ಲಿ. ಸಿಗಲಿಲ್ಲ. ಸೌದೆ ರಾಶಿಯ ಆಚೆ ಒಂದು ಕೆಂಚು ನಾಯಿ ಕಾಡಿನ ಕಡೆ ಮುಖ ಮಾಡಿ, ತನಗೂ ಇದಕ್ಕೂ ಸಂಬಂಧವಿಲ್ಲದಂತೆ ಮಲಗಿತ್ತು.

"ಒಂದೇ ಕಾಲಿನದ್ದು" ಎಂದಳು ನಫೀಸಮ್ಮ ಮೆಲ್ಲಗೆ.

"ಇವರು ಒಳಗೆ ಇರುವಾಗ" ಎಂದರು ಉಮ್ಮರ್, ಇನ್ನೂ ಮೆಲ್ಲಗೆ.

ಕಾನ್‌ಸ್ಟೇಬಲ್ ಟೊಪ್ಪಿ ತೆಗೆದ. "ಹಾಗಾದ್ರೆ ದೂರು ಕೊಡ್ಬೇಕಾದವರು ನೀವು. ಕೊಡ್ತೀರಾ?"

"ಬೇಡ" ಎಂದರು ಖಲೀಲರು. "ನನ್ನ ಫೋನ್ ಕೊಡಿ ಸಾಕು. ನಾಲ್ಕಾಗ್ತಾ ಬಂತು."

ಮುರ್ಶಿದಾ ಮೊದಲ ರಿಂಗಿಗೇ ಎತ್ತಿದಳು. "ಉಪ್ಪ, ಎಲ್ಲಿದ್ದೀರಿ? ಮಾಮ ಉಮ್ಮನಿಗೆ ಎಂತದೋ ಹೇಳ್ತಾ ಇದ್ದಾರೆ, ಅರ್ಥವೇ ಆಗುವುದಿಲ್ಲ."

"ಅದು ಮತ್ತೆ. ಈಗ ಬೆಳ್ತಂಗಡಿಗೆ ಕಟ್ಟು. ಮಾಮನ ದುಡ್ಡು ಮುಟ್ಟಬೇಡ, ಅದನ್ನು ನಾಳೆ ತಿರುಗಿ ಕಳಿಸುವ. ಕಪಾಟಿನ ಒಳಗೆ ಅಂಗಡಿಯ ಬ್ಯಾಂಕಿನ ಕಾರ್ಡ್ ಉಂಟು, ಕೀಲಿ ಉಮ್ಮನ ಹತ್ತಿರ."

ಆ ಕಡೆ ಕೀಲಿಗೊಂಚಲಿನ ಸದ್ದು ಕೇಳಿಸಿತು.

"ಮೆಲ್ಕಾರ್‌ನಲ್ಲಿ ಹೇಳಿದ್ದು?"

"ಅಲ್ಲಿ ಬಿರಿಯಾನಿ ಚೆನ್ನಾಗಿತ್ತು. ಮಾತು ಹಾಗೆಯೇ ಬಂತು. ಕಟ್ಟು ನೀನು."

"ಉಪ್ಪ, ಚಪ್ಪಲಿ ನೋಡಿದಿರಾ?"

"ನೋಡಿದೆ."

"ಹೇಗುಂಟು?"

ಖಲೀಲರು ಗೋಡೆಯ ಕಡೆ ನೋಡಿದರು. ಜ್ಯೋತ್ಸ್ನಾ ಸಾಲಿನ ಕೊನೆಯ ಜೋಡಿಯನ್ನು ಮೆಟ್ಟಿಕೊಳ್ಳುತ್ತಿದ್ದಳು. ಅಗ್ಗದ್ದು, ಅಟ್ಟೆ ತೆಳ್ಳಗಾದದ್ದು.

"ಸವೆದಿದೆ" ಎಂದರು. "ಎರಡೂ ಬದಿ ಸಮ ಸವೆದಿದೆ."

ನಾಲ್ಕಕ್ಕೆ ಸ್ವಲ್ಪ ಮುಂಚೆ ಫೀಸು ಹೋಯಿತು. ಖಲೀಲರು ಒಂದು ಕಾಲಿಗೆ ನೀಲಿ ಚಪ್ಪಲಿ, ಇನ್ನೊಂದಕ್ಕೆ ಉಮ್ಮರ್ ಕೊಟ್ಟ ಹವಾಯಿ ಹಾಕಿಕೊಂಡು ಬಸ್ಸು ಹತ್ತಿದರು. ನೆರಿಯದ ಸುದ್ದಿ ಅವರಿಗಿಂತ ಬೇಗ ಪ್ರಯಾಣ ಮಾಡಿತು. ಅದು ಬಂಟ್ವಾಳಕ್ಕೆ ಬರುವ ಬದಲು ದಾರಿ ತಪ್ಪಿ ದಮ್ಮಾಮ್‌ಗೆ ಹೋಯಿತು. ಅಲ್ಲಿ ನೆರಿಯದ ಹುಡುಗರಿದ್ದರು. ಬಂಟ್ವಾಳದ ಫಯಾಝ್ ಎಂಬವರು ಊರಿನಲ್ಲಿ ಹೆಂಗಸರ ಚಪ್ಪಲಿ ಕದ್ದು ಸಿಕ್ಕಿಬಿದ್ದರೆಂದು ಅವರು ಫಯಾಝರ ರೂಮಿನಲ್ಲೇ ಹೇಳಿದರು. ರೂಮಿನವರು ಫಯಾಝರನ್ನು ನೋಡಿದರು. ಆಮೇಲೆ ಫಯಾಝರ ಕಾಲನ್ನು ನೋಡಿದರು. ಅಂದಿನಿಂದ ಮೂಡುಬಿದಿರೆಯ ವಿಷಯ ಆ ರೂಮಿನಲ್ಲಿ ಬರಲಿಲ್ಲ.

ಕಾಲೇಜು ಶುರುವಾದ ದಿನ ಖಲೀಲರು ಮಗಳನ್ನು ಬಿಡಲು ಬೆಳ್ತಂಗಡಿಗೆ ಬಂದರು. ಕಾಲಿಗೆ ಡಬ್ಬಿಯಿಂದ ತೆಗೆದ ಸರಿಜೋಡಿ. ವಿಭಾಗದ ಬಾಗಿಲಲ್ಲಿ ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಬರಮಾಡಿಕೊಳ್ಳುತ್ತಿದ್ದರು. ಎಲ್ಲರ ಮುಂದೆ ಜ್ಯೋತ್ಸ್ನಾ ನಿಂತಿದ್ದಳು.

ಖಲೀಲರ ಕಾಲು ನಿಂತಲ್ಲೇ ಬೇರು ಬಿಟ್ಟಿತು. ಅವಳು ಎರಡು ಹೆಜ್ಜೆ ಮುಂದೆ ಬಂದಳು.

"ನಮಸ್ತೆ ಅಂಕಲ್. ನಾನು ಜ್ಯೋತ್ಸ್ನಾ, ಸೆಕೆಂಡ್ ಇಯರ್. ನಮ್ಮ ಕಾಲೇಜಿಗೆ ಮೊದಲ ಸಲ ಬರುವುದಾ?"

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಖಲೀಲರು ಆ ಮುಖವನ್ನು ನೋಡಿದರು. ಜೀವನದಲ್ಲಿ ಮೊದಲ ಬಾರಿಗೆ ಕಾಲಿನ ಕಡೆ ನೋಡಲು ಮರೆತರು.

"ಮೊದಲ ಸಲ" ಎಂದರು.

ಅಂಗಿಯ ಕಿಸೆಯಲ್ಲಿ ಫೋನು ರಿಂಗಾಯಿತು. ದಮ್ಮಾಮ್. ಫಯಾಝರ ಸ್ವರ ಕೇಳಿ ಮುರ್ಶಿದಾಳೂ ತಿರುಗಿ ನೋಡಿದಳು. "ಭಾವ, ನಿಜ ಹೇಳು. ನನ್ನ ಹೆಸರು ಕೊಟ್ಟವನು ಯಾರು? ಅವತ್ತು ನಿನ್ನ ಫೋನು ಪೊಲೀಸಿನವನ ಕೈಯಲ್ಲಿ ಇದ್ದದ್ದು. ನಿನಗೆ ಗೊತ್ತುಂಟು."

ಖಲೀಲರು ಒಮ್ಮೆ ಜ್ಯೋತ್ಸ್ನಾಳನ್ನು ನೋಡಿ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಗೊತ್ತುಂಟು ಭಾವ" ಎಂದರು. "ಆದರೆ ಅವನನ್ನು ಕೇಳದೆ ನಾನು ಹೇಳುವ ಹಾಗಿಲ್ಲ."